ಒಂದು ಬೀಜಕ್ಕೆ ಎರಡು ಲಾಟ್ ನಂಬರ್

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗ ನನ್ನದು. ವಿಭಾಗವೆಂದರೆ ನಾನೊಬ್ಬಳೇ. ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬೀಜದ ಪ್ರತಿ ರಾಶಿಗೂ ಒಂದು ಲಾಟ್ ನಂಬರ್ ಕೊಟ್ಟು, ಅದು ಪ್ಯಾಕೆಟ್ ಆಗಿ ಹೊರಡುವವರೆಗೂ ಎಲ್ಲಿದೆಯೆಂದು ತೋರಿಸುವ ಸಾಫ್ಟ್‌ವೇರ್ ಮಾಡಿಸು ಎಂದು ಮಾಲೀಕರು ಹೇಳಿದಾಗ ಸುಲಭದ ಕೆಲಸ ಎಂದುಕೊಂಡೆ.

ಗೋದಾಮಿನ ಮ್ಯಾನೇಜರಿಗೂ ಮೊಳಕೆ ಪರೀಕ್ಷಿಸುವ ಲ್ಯಾಬಿನ ಮೇಡಂಗೂ ಮಾತು ನಿಂತು ವರ್ಷಗಳಾಗಿದ್ದವು; ಏನಿದ್ದರೂ ಚೀಟಿ ಬರೆದು ಕಳಿಸುತ್ತಿದ್ದರು. ಅದಕ್ಕೂ ನನ್ನ ಕೆಲಸಕ್ಕೂ ಏನು ಸಂಬಂಧ?

"ಮಾಲು ಮೊದಲ ಬರೋದು ನನ್ನ ಹತ್ರ. ನಂಬರ್ ನಾನ ಕೊಡಾಂವ," ಎಂದರು ಮ್ಯಾನೇಜರ್.

"ಮೊಳಕಿ ನೋಡೂಕಿಂತ ಮೊದಲ ನಂಬರ್ ಯಾಕವ್ವಾ? ಅದು ಲ್ಯಾಬಿನ ಕೆಲಸ," ಎಂದರು ಮೇಡಂ.

ಜಗಳ ಬೇಡವೆಂದು ಇಬ್ಬರಿಗೂ ಹೂಂ ಎಂದೆ. ಆಮೇಲೆ ಮ್ಯಾನೇಜರ್ ಬಂದು, ಪರೀಕ್ಷೆಯ ರಿಪೋರ್ಟ್ ಬರುವ ಮೊದಲೇ ಮಾಲು ಕಳಿಸಲು ಒಂದು ಬಟನ್ ಬೇಕೆಂದರು. ಆ ಬಟನ್ ಇರಲೇಬಾರದೆಂದು ಮೇಡಂ ಹೇಳಿಹೋದರು. ಸಾಫ್ಟ್‌ವೇರ್ ಬರೆಯುತ್ತಿದ್ದ ಹುಬ್ಬಳ್ಳಿಯವರು ಮೂರು ಸಲ ಬದಲಿಸಿ, ಕೊನೆಗೆ ನನ್ನ ಫೋನ್ ಎತ್ತುವುದನ್ನೇ ಬಿಟ್ಟರು.

ಸಾಫ್ಟ್‌ವೇರ್ ಶುರುವಾದ ದಿನ ಬ್ಯಾಡಗಿ ಮೆಣಸಿನಕಾಯಿ ಬೀಜದ ಒಂದೇ ರಾಶಿ ಪರದೆಯ ಮೇಲೆ ಎರಡಾಗಿ ಕಂಡಿತು. ಗೋದಾಮಿನ ನಂಬರಿನಲ್ಲಿ ಅದು ಆಗಲೇ ಲಾರಿ ಹತ್ತಿತ್ತು. ಲ್ಯಾಬಿನ ನಂಬರಿನಲ್ಲಿ ಇನ್ನೂ ಪರೀಕ್ಷೆ ಬಾಕಿ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಹಳೆಯ ರಿಜಿಸ್ಟರಿಗೆ ಮರಳಿದ್ದರು.

ಮಾಲೀಕರು ಮೂವರನ್ನೂ ಕರೆಸಿದರು. "ಈಕಿಗೆ ನಮ್ಮ ಕೆಲಸ ತಿಳೀಲಿಲ್ರಿ," ಎಂದರು ಮ್ಯಾನೇಜರ್. ಮೇಡಂ ತಲೆಯಾಡಿಸಿದರು. ಅವರಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಮಾಲೀಕರತ್ತ ತಿರುಗಿದೆ. "ನಂದೂ ತಪ್ಪೈತ್ರಿ ಸರ್. ಇಬ್ರಿಗೂ ಹೂಂ ಅಂದೆ. ಆದ್ರ ಇವ್ರು ಒಂದಿನಾನೂ ಕೂಡಿ ಕುಂತು ಮಾತಾಡಿಲ್ರಿ."

ಮಾಲೀಕರು ಅವರಿಬ್ಬರನ್ನೂ ಒಮ್ಮೆ ನೋಡಿದರು. "ಗೊತ್ತೈತಿ. ಇವರನ್ನ ಕೂಡ್ಸೂದು ನನ್ನ ಕೆಲಸಾಗಿತ್ತು, ನಿನ್ನ ಮ್ಯಾಲ ಹಾಕಿದೆ. ಆ ಸಾಫ್ಟ್‌ವೇರ್ ಬಂದ್ ಮಾಡವ್ವಾ," ಎಂದರು.

ಹೊರಗೆ ಬಂದಾಗ ಲ್ಯಾಬಿನಲ್ಲಿ ಮೊಳಕೆ ಎಣಿಸುವ ಅಕ್ಕ ನಿಂತಿದ್ದರು. "ಭಾಳ ಬ್ಯಾಸರಾತೇನು?"

"ಇಲ್ರಿ ಅಕ್ಕಾ, ಹಸಿವಾಗೇತಿ."

ಖರೇನೇ ಹಸಿವಾಗಿತ್ತು. ಅವರ ಡಬ್ಬಿಯ ಎರಡು ರೊಟ್ಟಿಯನ್ನು ನಾನೇ ತಿಂದುಬಿಟ್ಟೆ. ಅಂದು ಬಸ್ಸಿನಲ್ಲಿ ಹಾವೇರಿ ಬಂದದ್ದೇ ಗೊತ್ತಾಗದಷ್ಟು ನಿದ್ದೆ.

ಮೇಡಂ ಮತ್ತು ಮ್ಯಾನೇಜರ್ ಈಗಲೂ ಚೀಟಿಯಲ್ಲೇ ಮಾತಾಡುತ್ತಾರಂತೆ. ಆ ಚೀಟಿಗಳು ನನ್ನ ಟೇಬಲ್ಲಿಗೆ ಬರುವುದಿಲ್ಲ.