ಬೂದಿ ತುಂಬಿದ ಹಳ್ಳ

ನಾನು ಚಿಕ್ಕವಳಿದ್ದಾಗ ರಾಯಚೂರಿನಲ್ಲಿ ನೀರು ಬರುತ್ತದೆ ಎಂದು ಯಾರೂ ಹೆದರುತ್ತಿರಲಿಲ್ಲ. ಬರುವುದಿಲ್ಲ ಎಂದೇ ಹೆದರಿಕೆ. ಅಪ್ಪನ ಅಕ್ಕಿ ಗಿರಣಿಯ ಹಿಂದೆ ಒಂದು ಹಳ್ಳವಿತ್ತು. ಅದರಲ್ಲಿ ಆಡುಗಳನ್ನು ಕಂಡಿದ್ದೆ, ನೀರನ್ನು ಕಂಡಿರಲಿಲ್ಲ. ಗಿರಣಿಯ ಒಲೆಯಲ್ಲಿ ಹೊಟ್ಟು ಉರಿದು ಉಳಿದ ಬೂದಿಯನ್ನೆಲ್ಲ ಅಪ್ಪ ಅಲ್ಲೇ ಸುರಿಸಿದರು. ಎರಡು ವರ್ಷದಲ್ಲಿ ಹಳ್ಳ ತುಂಬಿ, ಕುದಿಸಿದ ಭತ್ತ ಒಣಗಿಸಲು ಫಸ್ಟ್‌ಕ್ಲಾಸ್ ಅಂಗಳವಾಯಿತು.

ಭತ್ತ ಹರವುತ್ತಿದ್ದ ಹೆಂಗಸಿನ ಗುಡಿಸಲು ಅದರ ಮೇಲ್ಗಡೆ, ನೀರು ಬರುವ ದಿಕ್ಕಿಗೆ, ಹಳ್ಳದ ದಂಡೆಯಲ್ಲೇ ಇತ್ತು. "ಮಳಿ ಬಂದ್ರ ನೀರು ಎಲ್ಲಿಂದ ಹೋಗಬೇಕ್ರಿ ಯಪ್ಪಾ?" ಎಂದು ಅವಳು ಕೇಳಿದ್ದಳು.

"ಮೊದ್ಲ ಬರ್ಲಿ ಬೇ, ಆಮ್ಯಾಲ ದಾರಿ ಕೊಡೂಣು," ಎಂದು ಅಪ್ಪ ನಕ್ಕಿದ್ದರು.

ಅವತ್ತು ಶನಿವಾರ, ಕಾನ್ವೆಂಟಿಗೆ ಹಾಫ್ ಡೇ. ಯೂನಿಫಾರ್ಮ್‌ನಲ್ಲೇ ನಾನೂ ಅಕ್ಕನೂ ಭತ್ತ ಕಾಯುತ್ತ ಕುಳಿತಿದ್ದೆವು. ಬೆಂದ ಭತ್ತದ ಹುಳಿ ವಾಸನೆ, ಕಾಲಡಿಯಲ್ಲಿ ಬಿಸಿ ಬೂದಿ. "ಲೇ ಇಂಗ್ಲಿಷ್ ರಾಣಿ, 'ಗೋ ಅವೇ' ಅಂದ್ರ ಗುಬ್ಬಿ ಹೋಗ್ತಾವೇನು? ಕೋಲು ಬೀಸು!" ಎಂದು ಅಕ್ಕ ಅಣಕಿಸಿದಳು. ನಮ್ಮ ಮೇಲೆ ಸುಡುವ ಬಿಸಿಲು. ದೂರದ ಕಲ್ಲುಗುಡ್ಡಗಳ ಮೇಲೆ ಮಾತ್ರ ಶಾಯಿ ಚೆಲ್ಲಿದಂಥ ಮೋಡ.

ಮೊದಲು ಕೇಳಿದ್ದು ಸದ್ದು, ಗೂಡ್ಸ್ ರೈಲು ಬಂದಂತೆ. ಆಮೇಲೆ ಕೆಂಪು ನೀರು, ಅದರ ಮುಂದೆ ಜಾಲಿಮುಳ್ಳಿನ ಕಂಟಿ, ಯಾರದೋ ಚಪ್ಪಲಿ. ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ! ನೀರು ಬೂದಿಯ ದಿಬ್ಬಕ್ಕೆ ಬಡಿದು ನಿಂತಿತು, ಸುತ್ತಿತು, ಗುಡಿಸಲಿನತ್ತ ಏರತೊಡಗಿತು.

"ನನ್ನ ಕೂಸು ಒಳಗ ಅದರೀ!" ಗಿರಣಿಯ ಬಾಗಿಲಿನಿಂದ ಭತ್ತ ಹರವುವ ಆ ಹೆಂಗಸು ಚೀರಿದಳು. ಅವಳಿಗಿಂತ ಹತ್ತಿರವಿದ್ದ ಅಕ್ಕ ಗುಡಿಸಲಿಗೆ ಓಡಿದಳು. ನಾನು ಗುಬ್ಬಿ ಓಡಿಸುವ ಕೋಲು ಹಿಡಿದು ಅಲ್ಲೇ ಉಳಿದೆ. ಅಕ್ಕ ಕೂಸನ್ನು ಎತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ನೀರು ಅವಳ ಸೊಂಟ ಮುಟ್ಟಿತ್ತು. ಗುಡಿಸಲಿನ ಕಂಬ ಹಿಡಿದು ನಿಂತಳು. ಏನೋ ಕೂಗುತ್ತಿದ್ದಳು, ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ದಿನಾ ಸ್ಕೂಲಿನಲ್ಲಿ ಹೇಳುವ ಪ್ರೇಯರ್‌ನ ಒಂದು ಪದವೂ ನನಗೆ ನೆನಪಾಗಲಿಲ್ಲ.

ಅಪ್ಪ ಸಲಿಕೆ ಹಿಡಿದು ಓಡಿಬಂದರು. "ಬೂದಿ ಕಡೀರಲೇ!"

"ಸಾವುಕಾರ್ರ, ಮ್ಯಾಲ ನೆಲ್ಲು ಅದಲ್ರೀ!" ಎಂದ ಹಮಾಲ.

"ನೆಲ್ಲು ಹೊಳಿಗೆ ಹೋಗ್ಲಿ, ಕಡಿ!"

ಒಂದು ಸೀಳು ಬಿದ್ದದ್ದೇ ತಡ, ಉಳಿದ ಬೂದಿಯನ್ನು ನೀರೇ ಸಕ್ಕರೆಯಂತೆ ಕರಗಿಸಿತು. ಭತ್ತವೆಲ್ಲ ಕೊಚ್ಚಿಹೋಯಿತು. ಅಕ್ಕನ ಸೊಂಟದ ನೀರು ನಿಧಾನವಾಗಿ ಮೊಣಕಾಲಿಗೆ ಇಳಿಯಿತು. ಅಪ್ಪ ಅವಳ ಕೈಯಿಂದ ಕೂಸನ್ನು ತೆಗೆದು ತಾಯಿಗೆ ಕೊಟ್ಟರು. ಆ ತಾಯಿಯ ಮುಖ ನೋಡಲು ಅವರಿಂದ ಆಗಲಿಲ್ಲ.

ಮಕ್ಕಳೇ, ನಿಮ್ಮ ರಾಯಚೂರಿನಲ್ಲಿ ಹಳ್ಳದ ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಸ್ಲ್ಯಾಬಿನ ಮೇಲೆ ಅಂಗಡಿ. ಮನೆಯಂಗಳಕ್ಕೂ ಸಿಮೆಂಟು, ನೀರು ಇಂಗಲು ಮಣ್ಣೇ ಇಲ್ಲ. ಅರ್ಧ ಗಂಟೆಯ ಮಳೆಗೆ ರಸ್ತೆಯೇ ಹೊಳೆ. ಮಾನ್ವಿಯಿಂದ, ದೇವದುರ್ಗದಿಂದ ನೆಂಟರು ಕಳಿಸುವುದೂ ಅದೇ ಫೋಟೋ. ಈ ಕಾಂಕ್ರೀಟನ್ನು ಕಡಿಯಲು ಯಾರ ಸಲಿಕೆಯೂ ಸಾಲದು. ಮಳೆ ಬಂದರೆ ನೀವು ಬಾಲ್ಕನಿಗೆ ಓಡಿ ವಿಡಿಯೋ ಮಾಡುತ್ತೀರಿ. ಕೆಳಗಿನ ಪಾರ್ಕಿಂಗ್‌ನಲ್ಲಿ ಯಾರಾದರೂ ಆಡುತ್ತಿದ್ದೀರೇನೋ ಎಂದು ನಾನು ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತೇನೆ. ಅಜ್ಜಿಯದು ಓವರ್‌ಆಕ್ಟಿಂಗ್ ಎಂದು ನಗಿರಿ, ಪರವಾಗಿಲ್ಲ. ಕೂಗಿದ ಕೂಡಲೇ "ಇಲ್ಲೇ ಅದೀನಿ" ಅನ್ನಿ, ಅಷ್ಟೇ.