ಚಿವುಟಿ ಎಸೆದ ತುದಿ

ಜೀವಕೋಶ ಒಂದು ಎರಡಾಗುವುದನ್ನು ಕಣ್ಣಾರೆ ನೋಡದೆ ಅದರ ಚಿತ್ರ ಬರೆಯುವುದಿಲ್ಲ ಎಂದು ನಾನು ಹಟ ಹಿಡಿದದ್ದು ಚಾಮರಾಜನಗರದಲ್ಲಿ ಬಿಎಸ್ಸಿ ಮೊದಲ ವರ್ಷ ಓದುವಾಗ. ಜೊತೆಯವರೆಲ್ಲ ಪುಸ್ತಕ ನೋಡಿ ರೆಕಾರ್ಡಿನಲ್ಲಿ ಬರೆದು, ಸಹಿ ಹಾಕಿಸಿಕೊಂಡು ಆರಾಮಾಗಿದ್ದರು. ನನ್ನ ಪುಟ ಮಾತ್ರ ಖಾಲಿ.

ಪ್ರಯೋಗ ದೊಡ್ಡದೇನಲ್ಲ. ಈರುಳ್ಳಿಯನ್ನು ನೀರಿನಲ್ಲಿಟ್ಟು ಬೇರು ಬರಿಸಿ, ಆ ಬೇರಿಗೆ ಬಣ್ಣ ಹಾಕಿ, ಗಾಜಿನ ಮೇಲೆ ಅಮುಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ನಾಲ್ಕು ಸಲ ನೋಡಿದೆ. ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದ ಕೋಶಗಳು. ಒಂದಾದರೂ ಎರಡಾಗುತ್ತಿರಬೇಕಲ್ಲ? ಥೂ ಇದರ!

"ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ಪುಟ ಖಾಲಿ ಇದ್ರೆ ಒಳಗೆ ಬಿಡಲ್ಲ. ಎಲ್ಲರ ಹಾಗೆ ನೀನೂ ಬರೆದ್ಬಿಡಮ್ಮ," ಎಂದರು ಮೇಡಂ.

"ಕಾಣದ್ದನ್ನ ಕಂಡೆ ಅಂತ ಹೆಂಗ್ ಬರೀಲಿ ಮೇಡಂ?" ಎಂದುಬಿಟ್ಟೆ. ನನ್ನ ಬಾಯಿ ಮೊದಲಿನಿಂದಲೂ ನನ್ನ ಮಾತು ಕೇಳುವುದಿಲ್ಲ.

ಅವರಿಗೆ ಸಿಟ್ಟು ಬಂತು. "ಅವತ್ತು ಬೆಳಿಗ್ಗೆ ಬೇಗ ಬಾ. ಅದೇ ಕೊನೇ ಸಲ."

ಭಾನುವಾರ ಬೇಗೂರಿನ ನಮ್ಮ ಹೊಲದಲ್ಲಿ ಈರುಳ್ಳಿ ಪೈರಿನ ನಾಟಿ. ಮುಖ ಊದಿಸಿಕೊಂಡು ಅವ್ವನ ಪಕ್ಕ ಕೂತೆ. ನಮ್ಮಲ್ಲಿ ನೆಡುವ ಮೊದಲು ಪೈರಿನ ಬೇರಿನ ತುದಿಯನ್ನು ಉಗುರಿನಿಂದ ಚಿವುಟಿ ಎಸೆಯುತ್ತಾರೆ. ಚಿಕ್ಕಂದಿನಿಂದ ಮಾಡಿದ ಕೆಲಸ, ಕೈ ತಾನಾಗಿ ಮಾಡುತ್ತದೆ. ಚಿವುಟಿದೆ, ಎಸೆದೆ, ಮತ್ತೆ ಚಿವುಟಿದೆ. ಹತ್ತನೆಯದಕ್ಕೋ ಏನೋ ಕೈ ನಿಂತಿತು.

ಕಾಲೇಜಿನಲ್ಲೂ ಇದನ್ನೇ ಮಾಡಿದ್ದೆ! ನಾಲ್ಕು ಸಲವೂ ತುದಿ ಚಿವುಟಿ ಬಿಸಾಡಿ, ಉಳಿದ ಬೇರನ್ನು ಗಾಜಿನ ಮೇಲಿಟ್ಟಿದ್ದೆ. ಕೋಶ ಎರಡಾಗುವುದು ಬೇರಿನ ತುದಿಯಲ್ಲೇ ಎಂದು ಬಾಯಿಪಾಠ ಮಾಡಿದ್ದವಳೂ ನಾನೇ. ತಲೆ ತಲೆ ಚಚ್ಚಿಕೊಂಡೆ.

"ಯಾಕಮ್ಮಿ, ಸುಮ್ಕೆ ಕೂತ್ಬುಟ್ಟೆ? ಬಿಸ್ಲು ಏರ್ತಾ ಅದೆ," ಎಂದಳು ಅವ್ವ.

"ನೀ ಕಲಿಸಿದ ಕೆಲ್ಸ ನನ್ನ ಫೇಲ್ ಮಾಡ್ಬುಡ್ತಿತ್ತು ಕಣವ್ವ!"

ನಡೆದದ್ದನ್ನೆಲ್ಲ ಹೇಳಿದೆ. ಅವ್ವ ನಕ್ಕಳು. "ಚೆಂದಾಗೇ ಕಲ್ತಿದ್ದೀಯ ಬುಡು."

ಸೋಮವಾರ ಮೊದಲ ಬಸ್ಸಿಗೆ ಗುಂಡ್ಲುಪೇಟೆ, ಅಲ್ಲಿಂದ ಚಾಮರಾಜನಗರ. ಈ ಸಲ ಬೆರಳುಗಳನ್ನು ಗದರಿಸಿಕೊಂಡೇ ತುದಿಯನ್ನು ಗಾಜಿನ ಮೇಲಿಟ್ಟೆ. ಪುಟ್ಟ ಪುಟ್ಟ ಕೋಶಗಳು. ಅವುಗಳ ನಡುವೆ ಒಂದರಲ್ಲಿ ಕೆಂಪು ಎಳೆಗಳು ಎರಡು ಗುಂಪಾಗಿ, ಆಚೆಗೊಂದು ಈಚೆಗೊಂದು ಸರಿದು ನಿಂತಿದ್ದವು. ಕಣ್ಣು ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದೆ. ಅಲ್ಲೇ ಇತ್ತು.

ಮೇಡಂ ಬಗ್ಗಿ ನೋಡಿದರು, ಬಹಳ ಹೊತ್ತು. "ಬೇಗ ಬರಿ, ಪರೀಕ್ಷೆಗೆ ಹೊತ್ತಾಯ್ತು," ಎಂದರು. ಬರೆದು ತೋರಿಸಿದೆ.

"ಪುಸ್ತಕದಲ್ಲಿರೋ ಹಾಗೆ ನೆಟ್ಟಗಿಲ್ವಲ್ಲೇ," ಎಂದರು ಸಹಿ ಹಾಕುತ್ತಾ.

"ನಾನ್ ಕಂಡಿದ್ದೂ ನೆಟ್ಟಗಿರ್ಲಿಲ್ಲ ಮೇಡಂ," ಎಂದೆ.