ಆಕಾಶದ ಟವೆಲ್ಲು ಎತ್ತುತ್ತಿದ್ದ ಪ್ರೇಮಕ್ಕ

ಪ್ರೇಮಕ್ಕನನ್ನು ನಾನು ಮೊದಲು ನೋಡಿದ್ದು ಬೆನ್ನ ಕಡೆಯಿಂದ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ನಾನು ಬಾಡಿಗೆಗಿದ್ದ ಹೌಸಿಂಗ್ ಸೊಸೈಟಿಯ ತಾರಸಿ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು, ದೊಡ್ಡ ಮೀನಿನ ಮುಳ್ಳಿನಂಥ ಏರಿಯಲ್ ಹಿಡಿದು ಅವರು ನಿಂತಲ್ಲೇ ನಿಧಾನವಾಗಿ ತಿರುಗುತ್ತಿದ್ದರು. ಕಿವಿಗೆ ಹೆಡ್‌ಫೋನು. ಉತ್ತರಾಯಣದ ಗಾಳಿಪಟದ ಹಬ್ಬ ಹತ್ತಿರವಿತ್ತು. ಪಕ್ಕದ ತಾರಸಿಯಿಂದ ಯಾರೋ, "ಮಾಸಿ, ಎಷ್ಟು ಪತಂಗ ಹಿಡಿದಿರಿ?" ಎಂದು ಕೂಗಿದರು. "ಪತಂಗ ನೀವು ಹಿಡೀರಿ, ನಾನು ಮಾತು ಹಿಡೀತೀನಿ" ಎಂದು ಇವರು ಧಾರವಾಡದ ರಾಗದ ಹಿಂದಿಯಲ್ಲಿ ತಿರುಗಿ ಕೂಗಿದರು. ಬಟ್ಟೆಯ ಬಕೆಟ್ಟಿನ ಹಿಡಿ ಕಿತ್ತುಬಂದು ನಾನು "ಅಯ್ಯೋ, ಹಾಳಾದ್ದು" ಎಂದದ್ದು ಹೆಡ್‌ಫೋನನ್ನೂ ದಾಟಿ ಅವರಿಗೆ ಕೇಳಿತು.

"ಯಾವೂರವಾ ತಂಗಿ?"

"ತುಮಕೂರು."

"ಹಂಗಾದ್ರ ಬಟ್ಟಿ ಆಮ್ಯಾಲೆ ಒಣಹಾಕು. ಈ ಏರಿಯಲ್ ಹಿಡಿ, ನನಗ ತೋಳು ನೋಯಾಕತ್ತಾವು."

ಹೀಗೆ ಪರಿಚಯವಾಯಿತು. ಅವರು ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು. ರೇಡಿಯೊ ತರಂಗಗಳನ್ನು ಯಾರು ಎಲ್ಲಿ ಬಳಸುತ್ತಿದ್ದಾರೆ, ಒಬ್ಬರದು ಇನ್ನೊಬ್ಬರ ಮೇಲೆ ಬೀಳುತ್ತಿದೆಯೇ ಎಂದು ಕಾಯುವ ಸರ್ಕಾರಿ ಕಚೇರಿಯಲ್ಲಿ ಎಂಜಿನಿಯರು. ಭಾನುವಾರ ಜೋಳದ ರೊಟ್ಟಿ ಬಡಿಯುವಾಗ ನನ್ನನ್ನು ಕರೆಯುತ್ತಿದ್ದರು. ರೊಟ್ಟಿಯ ಜೊತೆಗೆ ಪಾಠವೂ ಇರುತ್ತಿತ್ತು.

"ಆಕಾಶ ಖಾಲಿ ಅದ ಅಂತ ತಿಳ್ಕೊಂಡೀಯೇನು? ಹುಬ್ಬಳ್ಳಿ-ಧಾರವಾಡ ಬಸ್ಸಿನಕಿಂತ ಗದ್ದಲ ಅದ ಅಲ್ಲೆ. ಇಷ್ಟು ಸೀಟು ರೇಡಿಯೊದವ್ರಿಗೆ, ಇಷ್ಟು ಟೀವಿಯವ್ರಿಗೆ. ಎಫ್‌ಎಂನವ್ರ ಸಾಲು ಮುಗೀತಿದ್ದಂಗನ ವಿಮಾನದವ್ರ ಸೀಟು, ಅಲ್ಲೆ ಮತ್ತ್ಯಾರೂ ಕುಂಡ್ರಂಗಿಲ್ಲ. ಪೊಲೀಸರಿಗೆ ಬ್ಯಾರೆ, ಬೆಂಕಿ ಆರಿಸೋರಿಗೆ ಬ್ಯಾರೆ. ಈ ಮೊಬೈಲಿನವಂಗ ಎರಡೆರಡು ಬೇಕು, ಮಾತಾಡ್ಲಿಕ್ಕೊಂದು, ಕೇಳ್ಲಿಕ್ಕೊಂದು. ಆಟಿಗಿ ಕಾರು, ಕಾರ್ಡ್‌ಲೆಸ್ ಫೋನು, ಇಂಥಾ ಸಣ್ಣಪುಟ್ಟವ್ರೆಲ್ಲಾ ಹಿಂದಿನ ಸೀಟಿನಾಗ ಒತ್ತಿಕೊಂಡು ಕುಂಡ್ರಬೇಕು. ಆದ್ರ ಜನ ಏನ್ ಮಾಡ್ತಾರ? ಕಿಟಕ್ಯಾಗಿಂದ ಟವೆಲ್ ಒಗದು, ಇದು ನಂದು ಅಂತಾರ. ಆ ಟವೆಲ್ ಎತ್ತೂದು ನನ್ನ ನೌಕರಿ."

ಇದು ಬರೀ ಮಾತಿನ ಹೋಲಿಕೆಯಲ್ಲ. ಟವೆಲ್ಲು ಕಂಡರೆ ಅವರಿಗೆ ನಿಜವಾಗಿಯೂ ಆಗುತ್ತಿರಲಿಲ್ಲ. ವಡೋದರಾಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ ಪಾಸು ಇಟ್ಟುಕೊಂಡು ದಿನಾ ಓಡಾಡುವವರದೇ ರಾಜ್ಯ. ಮೊದಲು ಬಂದವನು ಗೆಳೆಯರಿಗೆಲ್ಲ ಸೀಟು ಹಿಡಿಯುತ್ತಾನೆ: ಒಂದರ ಮೇಲೆ ಕರ್ಚೀಫು, ಒಂದರ ಮೇಲೆ ಟವೆಲ್ಲು, ಇನ್ನೊಂದರ ಮೇಲೆ ಪೇಪರಿನ ಒಂದು ಹಾಳೆ. ಒಮ್ಮೆ ನಾನು ಜೊತೆಗಿದ್ದಾಗ ಪ್ರೇಮಕ್ಕ ಅವನ್ನೆಲ್ಲ ಎತ್ತಿ, ಮಡಚಿ, ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂತುಬಿಟ್ಟರು. ಆಮೇಲೆ ಬಂದವರಿಗೆ, "ಇದು ಯಾರ ಟವೆಲ್ಲು?" ಎಂದು ಕೇಳಿ ಪ್ರಸಾದ ಕೊಟ್ಟಂತೆ ಒಬ್ಬೊಬ್ಬರ ಕೈಗೆ ಹಾಕಿದರು. ನಾನು ನಾಚಿಕೆಯಿಂದ ಕಿಟಕಿಯ ಹೊರಗೆ ನೋಡುತ್ತಿದ್ದೆ. ನಡಿಯಾದ್ ದಾಟುವಷ್ಟರಲ್ಲಿ ಆ ಟವೆಲ್ಲಿನವರೇ ಪ್ರೇಮಕ್ಕನಿಗೆ ಥೇಪ್ಲಾ ರೊಟ್ಟಿ ಕೊಟ್ಟು, ಮಗಳ ಮದುವೆಗೆ ವರ ನೋಡಲು ಹೇಳುತ್ತಿದ್ದರು.

ತಾರಸಿಯ ಮೇಲೆ ಆ ದಿನ ಪ್ರೇಮಕ್ಕ ಹುಡುಕುತ್ತಿದ್ದುದು ಏನನ್ನು ಎಂಬುದು ಆಮೇಲೆ ಗೊತ್ತಾಯಿತು. ಬೆಂಕಿ ಆರಿಸುವವರ ವೈರ್‌ಲೆಸ್ಸಿನಲ್ಲಿ ಮಧ್ಯಾಹ್ನವಾದರೆ ಒಬ್ಬ ಹೆಂಗಸು ಉಂಧಿಯು ಮಾಡುವ ವಿಧಾನ ಹೇಳುತ್ತಿದ್ದಳಂತೆ. ಚಳಿಗಾಲದ ತರಕಾರಿಗಳ ಆ ಪಲ್ಯಕ್ಕೆ ಸೂರತ್ತಿನವರು ಹಾಕುವುದು ಬೇರೆ, ಇಲ್ಲಿಯವರು ಹಾಕುವುದು ಬೇರೆ ಎಂದು ವಾದವೂ ನಡೆಯುತ್ತಿತ್ತಂತೆ. ಏರಿಯಲ್‌ನ ಮೂತಿ ನಮ್ಮ ಸೊಸೈಟಿಯನ್ನೇ ತೋರಿಸಿತು. ಎರಡನೇ ಮಹಡಿಯ ಹಂಸಾಬೆನ್, ದುಬೈಯಿಂದ ಅಳಿಯ ತಂದುಕೊಟ್ಟ ದೂರ ಹೋಗುವ ಕಾರ್ಡ್‌ಲೆಸ್ ಫೋನಿನಲ್ಲಿ ಸೂರತ್ತಿನ ತಂಗಿಯ ಜೊತೆ ಮಾತಾಡುತ್ತಿದ್ದರು. ಫೋನು ಕಸಿದುಕೊಳ್ಳುವ ಮೊದಲು ಪ್ರೇಮಕ್ಕ ಸೋಫಾದ ಮೇಲೆ ಕೂತು ಚಹಾ ಕುಡಿದರು.

"ಹಂಸಾಬೆನ್, ಬೆಂಕಿ ಆರಿಸೋರು ಕೇಳ್ಯಾರ, ನೀವು ಓಮದ ಕಾಳು ಯಾವಾಗ ಹಾಕ್ತೀರಿ ಅಂತ. ಅಲ್ಲಿಗೆ ಬಂದಾಗ ಲೈನು ಕಟ್ ಆತಂತ."

ಹಂಸಾಬೆನ್ ಮುಖ ಕೆಂಪಾಯಿತು. ಫೋನನ್ನು ತಾವೇ ತಂದು ಕೊಟ್ಟರು. ಹಬ್ಬದ ದಿನ ಒಂದು ಡಬ್ಬಿ ಉಂಧಿಯು ನಮಗೆ, ಇನ್ನೊಂದು ದೊಡ್ಡ ಡಬ್ಬಿ ಬೆಂಕಿ ಆರಿಸುವವರಿಗೆ ಹೋಯಿತು.

ಇಷ್ಟರವರೆಗೆ ಇದೆಲ್ಲ ನನಗೆ ತಮಾಷೆಯೇ. ತಮಾಷೆ ನಿಂತದ್ದು ವಟ್ವಾದಲ್ಲಿ.

ನಾನು ಆಗ ವಟ್ವಾ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಮಿಕಲ್ ಎಂಜಿನಿಯರು. ಒಂದು ಕಾಲಕ್ಕೆ ಅಣ್ಣತಮ್ಮಂದಿರಿಬ್ಬರ ಜಂಟಿ ಕಾರ್ಖಾನೆ ಅದು. ಜಗಳವಾಗಿ ನಡುವೆ ಗೋಡೆ ಎದ್ದಿತ್ತು. ಬಾವಿ, ಗೇಟು, ಬೇವಿನ ಮರದ ನೆರಳು ಎಲ್ಲವೂ ಹಿಸ್ಸೆಯಾಗಿದ್ದವು. ನಮ್ಮ ಕಡೆ ದೊಡ್ಡ ಶೇಠ್, ಗೋಡೆಯಾಚೆ ಚಿಕ್ಕ ಶೇಠ್. ಮಾತಿಲ್ಲ, ಆದರೆ ಒಬ್ಬರು ಏನು ಕೊಂಡರೂ ಇನ್ನೊಬ್ಬರಿಗೆ ಅದೇ ಬೇಕು.

ನಮ್ಮಲ್ಲಿ ಶೆಡ್ಡಿನ ಮೇಲೆ ಓಡುವ ಕ್ರೇನಿಗೆ ದೊಡ್ಡ ಶೇಠ್ ರಿಮೋಟ್ ತಂದಿದ್ದರು. ಅದನ್ನು ನಡೆಸುತ್ತಿದ್ದವನು ಮಣಿನಗರದ ಜಯಂತಿಭಾಯಿ. ರಿಮೋಟಿನ ಡಬ್ಬಿಯನ್ನು ಪಟ್ಟಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು ಓಡಾಡುತ್ತಿದ್ದ. ಕೆಲವು ದಿನಗಳಿಂದ ಅವನು, "ಕ್ರೇನು ನನ್ನ ಮಾತು ಕೇಳುತ್ತಿಲ್ಲ, ತಾನೇ ಜಗ್ಗುತ್ತದೆ" ಎಂದು ದೂರುತ್ತಿದ್ದ. ದೊಡ್ಡ ಶೇಠ್ ಕ್ರೇನಿನ ಕೊಕ್ಕೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು.

ಆ ದಿನ ಆಸಿಡ್ಡಿನ ಡ್ರಮ್ಮು ಮೇಲೆ ತೂಗಾಡುತ್ತಿತ್ತು. ಅದರ ಕೆಳಗಿನ ತೊಟ್ಟಿಯ ಪಕ್ಕ ನಾನು ಸ್ಯಾಂಪಲ್ ತೆಗೆದುಕೊಳ್ಳುತ್ತಿದ್ದೆ. ಅಲ್ಲಿ ನಿಲ್ಲಬಾರದು, ಗೊತ್ತಿತ್ತು, ಎಲ್ಲರೂ ನಿಲ್ಲುತ್ತಿದ್ದರು. ಜಯಂತಿಭಾಯಿ ದೂರದಲ್ಲಿ ಕಂಬಕ್ಕೊರಗಿ ಮಾವಾ ತಿಕ್ಕುತ್ತಿದ್ದ. ಅಡಿಕೆ, ತಂಬಾಕು, ಸುಣ್ಣವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಎರಡೂ ಅಂಗೈ ನಡುವೆ ಹೊಸೆಯುವುದು. ಶೆಡ್ಡಿನಲ್ಲಿ ಅದಕ್ಕೆ ಪರವಾನಗಿಯಿಲ್ಲ. ದಿನಾ ನಾನು ಬೈಯುವುದು, ದಿನಾ ಅವನು ನಗುವುದು.

"ಬೆನ್, ಒಂದು ಚಿಟಿಕೆ ತಿಂತೀರಾ?" ಎಂದು ಕೂಗಿದ.

"ನಿನಗೆ ಎಷ್ಟು ಸಲ ಹೇಳಬೇಕು?" ಎಂದು ನಾನು ಬೈಯುತ್ತಾ ಅವನ ಕಡೆ ನಡೆದೆ. ಅವನ ಕಣ್ಣು ನನ್ನ ತಲೆಯ ಮೇಲಕ್ಕೆ ಹೋಯಿತು. ಬಾಯಿ ತೆರೆಯಿತು. ಹಿಂದೆ ಸರಪಳಿ ಗರಗರ ಎಂದಿತು. ಡ್ರಮ್ಮು ಬಂದು ನಾನು ನಿಂತಿದ್ದ ಕಡೆಗೇ ಬಿದ್ದು ಒಡೆಯಿತು. ಹೊಗೆ, ಕೂಗು, ನೀರಿನ ಪೈಪು ಹಿಡಿದು ಓಡಿಬರುವ ಜನ. ನನ್ನ ದುಪಟ್ಟಾದ ತುದಿಯಲ್ಲಿ ನುಸಿ ತಿಂದಂತೆ ತೂತುಗಳು. ಮೈಮೇಲೆ ಒಂದು ಹನಿಯೂ ಇಲ್ಲ.

ಇವತ್ತಿಗೂ ಲಿಫ್ಟಿನ ಸದ್ದು ಒಂದು ಬಗೆಯಲ್ಲಿ ಬಂದರೆ ನನಗೆ ಆ ಸರಪಳಿ ಕೇಳುತ್ತದೆ. ಆಗ ಕಣ್ಣಿಗೆ ಬರುವುದು ಡ್ರಮ್ಮಲ್ಲ, ಜಯಂತಿಭಾಯಿಯ ಕೈಗಳು. ಎರಡೂ ಕೈ, ನಡುವೆ ಪ್ಲಾಸ್ಟಿಕ್ ಹಾಳೆ. ರಿಮೋಟು ಎದೆಯ ಮೇಲೆ ಸುಮ್ಮನೆ ತೂಗುತ್ತಿತ್ತು.

ಆದರೆ ಮೇಸ್ತ್ರಿ, "ಕುಡಿದು ಗುಂಡಿ ಒತ್ತಿದ್ದಾನೆ" ಎಂದ. ಗುಜರಾತಿನಲ್ಲಿ ಕುಡಿತಕ್ಕೆ ನಿಷೇಧ. ಕೆಲಸ ಹೋಗುವುದಷ್ಟೇ ಅಲ್ಲ, ಜೈಲೂ ಆಗಬಹುದು. ನಾಳೆ ಅವನನ್ನು ಪೊಲೀಸರಿಗೆ ಒಪ್ಪಿಸುವುದೆಂದು ಶೇಠ್ ತೀರ್ಮಾನಿಸಿದರು. ನಾನು ಕೈಗಳ ಮಾತು ಹೇಳಿದರೆ, "ಬೇಟಿ, ನೀನು ಹೆದರಿದ್ದೀಯ, ಮನೆಗೆ ಹೋಗಿ ಮಲಗು" ಎಂದರು. ಜಯಂತಿಭಾಯಿ ಒಂದೇ ಮಾತು ಹೇಳುತ್ತಿದ್ದ: "ಬೆನ್, ನೀವು ನೋಡಿದ್ದೀರಲ್ಲ? ನೀವೊಬ್ಬರೇ ನೋಡಿದ್ದೀರಿ."

ಸಂಜೆ ಪ್ರೇಮಕ್ಕನ ಅಡುಗೆಮನೆಗೆ ಹೋದೆ. ಅವರು ಚಹಾವನ್ನು ಬಸಿಗೆ ಹಾಕಿ ಕುಡಿಸಿದರು. ಎಲ್ಲ ಕೇಳಿದ ಮೇಲೆ, "ಒಂದ ಕೈಲೆ ತಿಕ್ಕಾಕ ಬರಂಗಿಲ್ಲೇನು?" ಎಂದರು.

"ಬರಲ್ಲ ಪ್ರೇಮಕ್ಕ."

ಅವರು ನಂಬಲಿಲ್ಲ. ಶೇಂಗಾ ಚಟ್ನಿಪುಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದೇ ಕೈಯಲ್ಲಿ ಹೊಸೆದು ನೋಡಿದರು. ಪುಡಿಯೆಲ್ಲ ನೆಲಕ್ಕೆ, ನನ್ನ ತಲೆಗೆ, ಅವರ ಕನ್ನಡಕಕ್ಕೆ. ಆ ದಿನ ನಾನು ಮೊದಲ ಸಲ ನಕ್ಕೆ. ನಕ್ಕದ್ದು ಅಳುವಾಯಿತು. ಅವರು ಪೊರಕೆ ತಂದರು.

"ಬರಂಗಿಲ್ಲ, ಖರೆ" ಎಂದರು ಗುಡಿಸುತ್ತಾ. "ಅಂದ್ರ ಮತ್ತ್ಯಾರೋ ಒತ್ಯಾರ. ನಾಳೆ ಬರ್ತೀನಿ."

ಬೆಳಿಗ್ಗೆ ಕಚೇರಿಯ ಜೀಪಿನಲ್ಲಿ ಬಂದರು. ಅದೇ ಕ್ಯಾನ್ವಾಸ್ ಬೂಟು, ಅದೇ ಮೀನಿನ ಮುಳ್ಳು. ಜಯಂತಿಭಾಯಿಯ ರಿಮೋಟಿನ ಬ್ಯಾಟರಿ ತೆಗೆದು ದೊಡ್ಡ ಶೇಠರ ಅಂಗೈಯಲ್ಲಿಟ್ಟರು. "ಇದನ್ನ ಗಟ್ಟಿ ಹಿಡ್ಕೊಂಡು ನಿಲ್ರಿ" ಎಂದು ಹಿಂದಿಯಲ್ಲಿ ಹೇಳಿ ಹೆಡ್‌ಫೋನು ಹಾಕಿಕೊಂಡರು. ನಾವೆಲ್ಲ ಗೋಡೆಗೆ ಅಂಟಿ ನಿಂತೆವು. ಸ್ವಲ್ಪ ಹೊತ್ತಿಗೆ ಖಾಲಿ ಕೊಕ್ಕೆ, ನಿಂಬೆಹಣ್ಣಿನ ಸಮೇತ, ತಾನಾಗಿಯೇ ಕೆಳಗಿಳಿಯಿತು. ಮೇಸ್ತ್ರಿ ದೇವರ ಹೆಸರು ಹೇಳಿದ. ಪ್ರೇಮಕ್ಕ ಏರಿಯಲ್ ತಿರುಗಿಸುತ್ತಾ ಬೇವಿನ ಮರದ ಬುಡಕ್ಕೆ ಹೋದರು. ಖಾಲಿ ಡ್ರಮ್ಮು ಉರುಳಿಸಿ, ಅದರ ಮೇಲೆ ಹತ್ತಿ, ಗೋಡೆಯಾಚೆ ಇಣುಕಿದರು. ಅಲ್ಲಿ ಚಿಕ್ಕ ಶೇಠರ ಶೆಡ್ಡಿನ ಬಾಗಿಲಲ್ಲಿ ಒಬ್ಬ ಕೊರಳಿಗೆ ಹೊಚ್ಚ ಹೊಸ ರಿಮೋಟು ಹಾಕಿಕೊಂಡು ನಿಂತಿದ್ದ.

"ಭಾಯಿ, ಜರಾ ಊಪರ್!"

ಅವನು ಗುಂಡಿ ಒತ್ತಿದ. ನಮ್ಮ ಕೊಕ್ಕೆ ಮೇಲೇರಿತು.

"ಈಗ ನೀಚೇ!"

ನಮ್ಮ ಕೊಕ್ಕೆ ಇಳಿಯಿತು. ದೊಡ್ಡ ಶೇಠ್ ಅಂಗೈಯ ಬ್ಯಾಟರಿಯನ್ನೂ ಕೊಕ್ಕೆಯನ್ನೂ ನೋಡಿದರು. ಜಯಂತಿಭಾಯಿ ಕೈಮುಗಿದು ನಿಂತಿದ್ದ, ಕಣ್ಣಲ್ಲಿ ನೀರು.

ಒಂದೇ ಅಂಗಡಿಯಿಂದ ಅಣ್ಣತಮ್ಮ ಇಬ್ಬರೂ ಒಂದೇ ಬಗೆಯ ಅಗ್ಗದ ರಿಮೋಟು ತಂದಿದ್ದರು. ಅದರೊಳಗೆ ಇಪ್ಪತ್ತು ಚಾನೆಲ್ಲು. ಬೇಕಾದ್ದನ್ನು ಆರಿಸಿಕೊಳ್ಳಬಹುದು. ಇಬ್ಬರೂ ಒಂಬತ್ತನ್ನೇ ಆರಿಸಿದ್ದರು. ಯಾಕೆಂದರೆ ಅಪ್ಪನ ಮೊದಲ ಸ್ಕೂಟರಿನ ನಂಬರಿನ ಅಂಕಿಗಳನ್ನು ಕೂಡಿದರೆ ಒಂಬತ್ತು. ಮನೆತನ ಏಳಿಗೆಯಾದದ್ದು ಆ ಸ್ಕೂಟರಿನಿಂದ ಎಂಬ ನಂಬಿಕೆ. ಕ್ರೇನು ಪಾಪ, ಹೇಳಿದವರು ಯಾರೆಂದು ಕೇಳುತ್ತಿರಲಿಲ್ಲ. ಒಂಬತ್ತರಲ್ಲಿ ಬಂದ ಮಾತನ್ನು ಪಾಲಿಸುತ್ತಿತ್ತು.

"ಗ್ವಾಡಿ ಕಟ್ಟಿ ಬೇವಿನ ಗಿಡದ ನೆರಳೂ ಹಂಚಿಕೊಂಡ್ರು" ಎಂದು ಪ್ರೇಮಕ್ಕ ನನಗೆ ಕನ್ನಡದಲ್ಲಿ ಹೇಳಿದರು, "ಮ್ಯಾಲಿಂದು ಮರತ್ರು. ಇಬ್ಬರೂ ಒಂದ ಸೀಟಿಗೆ ಟವೆಲ್ ಒಗದಾರ." ಶೇಠರಿಗೆ ಹಿಂದಿಯಲ್ಲಿ ಹೇಳಿದ್ದು ಇಷ್ಟು ಮಧುರವಾಗಿರಲಿಲ್ಲ.

ಈಗ ಒಂಬತ್ತು ಬಿಡುವವರು ಯಾರು? ಗೋಡೆಯ ಎರಡೂ ಕಡೆಯಿಂದ, ಎಷ್ಟೋ ವರ್ಷದ ಮೇಲೆ, ಅಣ್ಣತಮ್ಮ ಮಾತಾಡಿದರು. ಮಾತಾಡಿದರು ಅಂದರೆ ಕಿರುಚಿದರು.

"ಅಪ್ಪನ ನಂಬರು ಹಿರಿಯನಿಗೆ!"

"ಆ ಸ್ಕೂಟರು ತೊಳೆದವನು ನಾನು!"

ಪ್ರೇಮಕ್ಕ ಡ್ರಮ್ಮಿನ ಮೇಲೆ ನಿಂತೇ ಎರಡೂ ಕಡೆಗೆ ನೋಡಿದರು. ಎರಡೂ ಕ್ರೇನುಗಳನ್ನು ಮುಚ್ಚಿಸುವ ಅಧಿಕಾರ ಅವರಿಗಿತ್ತು. ಅದನ್ನು ಬಳಸಲಿಲ್ಲ.

"ಶೇಠ್‌ಜಿ, ಒಂದು ಮತ್ತು ಎಂಟು ಕೂಡಿದರೆ ಎಷ್ಟು?"

ದೊಡ್ಡ ಶೇಠ್ ಬೆರಳು ಮಡಚಿ ಎಣಿಸಿದರು, ಅದೂ ಒಂಬತ್ತೇ. ತುಟಿ ಅಲ್ಲಾಡಿತು. "ಹದಿನೆಂಟು!" ಎಂದು ಕೂಗಿದರು. "ನನಗೆ ಹದಿನೆಂಟು! ಒಂಬತ್ತರ ಎರಡರಷ್ಟು!" ಗೋಡೆಯಾಚೆ ಚಿಕ್ಕ ಶೇಠರಿಗೆ ತಾನು ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಪೊಲೀಸರ ಮಾತು ಯಾರೂ ಎತ್ತಲಿಲ್ಲ. ಜಯಂತಿಭಾಯಿಗೆ ಶೇಠ್ ತಾವೇ ರಿಮೋಟು ಕೊರಳಿಗೆ ಹಾಕಿದರು, ಹಾರ ಹಾಕಿದ ಹಾಗೆ. ಡ್ರಮ್ಮು ತೂಗುವಾಗ ಕೆಳಗೆ ಯಾರೂ ನಿಲ್ಲದಂತೆ ಪ್ರೇಮಕ್ಕ ನೆಲಕ್ಕೆ ಹಳದಿ ಗೆರೆ ಹೊಡೆಸಿ, ಅದು ಒಣಗುವವರೆಗೂ ಕಾದು ಹೋದರು.

ಅದಾಗಿ ಸ್ವಲ್ಪ ಕಾಲಕ್ಕೆ ಅವರಿಗೆ ಮುಂಬೈ ಕಡೆಗೆ ವರ್ಗವಾಯಿತು. ವಡೋದರಾ, ಸೂರತ್ತಿನಲ್ಲಿ ಸ್ವಲ್ಪ ಕೆಲಸ ಮುಗಿಸಿಕೊಂಡು ಹೋಗಬೇಕಿತ್ತು. ಹಾಗಾಗಿ ಮತ್ತೆ ಅದೇ ಬೆಳಗಿನ ರೈಲು. ಮಣಿನಗರದಲ್ಲಿ ಹತ್ತಿಸಲು ನಾನು ಹೋಗಿದ್ದೆ. ಬೋಗಿ ತುಂಬಿ ತುಳುಕುತ್ತಿತ್ತು. ಹೇಗೋ ನುಗ್ಗಿ ಒಳಗೆ ಹೋದರೆ ಕಿಟಕಿ ಪಕ್ಕದ ಒಂದೇ ಒಂದು ಸೀಟು ಖಾಲಿ. ಅದರ ಮೇಲೆ ಕೆಂಪು ಅಂಚಿನ ಟವೆಲ್ಲು.

ಪ್ರೇಮಕ್ಕನ ಮೂಗು ಅರಳಿತು. ಟವೆಲ್ಲು ಎತ್ತಿ ಹಿಡಿದು ಇಡೀ ಬೋಗಿಗೆ ಕೇಳುವಂತೆ, "ಇದು ಯಾರ ಟವೆಲ್ಲು?" ಎಂದರು.

"ನನ್ನದು ಬೆನ್" ಎಂದಿತು ಕಿಟಕಿಯ ಹೊರಗಿನಿಂದ ಒಂದು ದನಿ. ಪ್ಲಾಟ್‌ಫಾರಮ್ಮಿನ ಮೇಲೆ ಜಯಂತಿಭಾಯಿ ನಿಂತಿದ್ದ. ರೈಲು ಬರುತ್ತಲೇ ಕಿಟಕಿಯಿಂದ ಕೈಹಾಕಿ ಸೀಟು ಹಿಡಿದಿದ್ದನಂತೆ. "ನಿಮಗೇ ಹಾಕಿದ್ದು. ನಿಂತು ಹೋಗಬಾರದಲ್ಲ."

ಪ್ರೇಮಕ್ಕ ಟವೆಲ್ಲನ್ನೂ ಅವನನ್ನೂ ನೋಡಿದರು. ಮೆಲ್ಲಗೆ ಟವೆಲ್ಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ನಗು ತಡೆಯಲಾರದೆ ಕೆಳಗಿಳಿದು ಕಿಟಕಿಗೆ ಬಂದಾಗ, "ನಗಬ್ಯಾಡ ತಂಗಿ" ಎಂದರು. "ಇದೊಂದಕ್ಕ ಲೈಸೆನ್ಸ್ ಕೊಟ್ಟೀನಿ."

ಆಮೇಲೆ ನಾನು ಅವರನ್ನು ನೋಡಲಿಲ್ಲ. ರೈಲು ಹೊರಟಿತು. ಕಿಟಕಿಯಿಂದ ಅವರು ಆ ಟವೆಲ್ಲನ್ನೇ ಬೀಸುತ್ತಿದ್ದರು, ವಾಪಸು ಕೊಡುವುದನ್ನು ಮರೆತು. ನನ್ನ ಪಕ್ಕದಲ್ಲಿ ಜಯಂತಿಭಾಯಿಯೂ ಎರಡೂ ಕೈ ಎತ್ತಿ ಬೀಸುತ್ತಿದ್ದ. ಅಭ್ಯಾಸದಿಂದ ನಾನು ಅವನ ಕೈಗಳನ್ನು ನೋಡಿದೆ. ಎರಡೂ ಖಾಲಿಯಿದ್ದವು.